ಸಾಕು ಮತ್ತು ಸಂತುಷ್ಟಿ: ಹೊಸ ಒಡಂಬಡಿಕೆಯ ‘ಔತಾರ್ಕೇಯ’ ಪದದ ನಿಘಂಟು ನಿರೂಪಣೆಯ ವಿಮರ್ಶೆ

1. ಸಮಸ್ಯೆಯ ಸ್ವರೂಪ

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಔತಾರ್ಕೇಯ’ ಎಂಬ ನಾಮಪದ ಎರಡೇ ಬಾರಿ ಬರುತ್ತದೆ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 9:8ರಲ್ಲಿ ಮತ್ತು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 6:6ರಲ್ಲಿ. ಇದಕ್ಕೆ ಸಂಬಂಧಿಸಿದ ‘ಔತಾರ್ಕೇಸ್’ ಎಂಬ ಗುಣವಾಚಕ ಫಿಲಿಪ್ಪಿಯವರಿಗೆ ಬರೆದ ಪತ್ರದ 4:11ರಲ್ಲಿ ಒಂದೇ ಬಾರಿ ಬಂದಿದೆ. ಇಷ್ಟು ವಿರಳವಾದ ಪದಕ್ಕೂ ನಿಘಂಟುಗಳು ಎರಡು ಪ್ರತ್ಯೇಕ ಅರ್ಥಗಳನ್ನು ಕೊಡುತ್ತ ಬಂದಿವೆ. 1886ರಲ್ಲಿ ಪ್ರಕಟವಾದ ಥೇಯರ್ ನಿಘಂಟು ಕೊರಿಂಥ ಪತ್ರದ ಪ್ರಯೋಗಕ್ಕೆ ‘ಜೀವನಕ್ಕೆ ಬೇಕಾದುದೆಲ್ಲ ಇರುವ ಸ್ಥಿತಿ’ ಎಂಬರ್ಥವನ್ನೂ ತಿಮೊಥೆಯ ಪತ್ರದ ಪ್ರಯೋಗಕ್ಕೆ ‘ಇದ್ದುದರಲ್ಲಿ ತೃಪ್ತವಾದ ಮನಸ್ಸು’ ಎಂಬರ್ಥವನ್ನೂ ಹೇಳುತ್ತದೆ. ಬೌವರ್ ಪರಂಪರೆಯ ನಿಘಂಟನ್ನು ಡಾಂಕರ್ ಪರಿಷ್ಕರಿಸಿ 2000ದಲ್ಲಿ ಹೊರತಂದ ಇಂಗ್ಲಿಷ್ ಆವೃತ್ತಿಯಲ್ಲಿಯೂ ಇದೇ ವಿಭಜನೆ ಉಳಿದಿದೆ. ಮೊದಲನೆಯದು ಬಾಹ್ಯ ಸ್ಥಿತಿ, ಎರಡನೆಯದು ಆಂತರಿಕ ಸ್ಥಿತಿ.

ಎರಡು ನಾಮಪ್ರಯೋಗಗಳಿಗೆ ಎರಡು ಅರ್ಥಗಳು ಎಂದರೆ ಪ್ರತಿ ಪ್ರಯೋಗಕ್ಕೆ ಒಂದು ಅರ್ಥ ಎಂದಾಯಿತು. ಇಂತಹ ನಿರೂಪಣೆ ಪದದ ಅರ್ಥವನ್ನು ವಿವರಿಸುತ್ತಿದೆಯೆ ಅಥವಾ ಆಯಾ ವಾಕ್ಯದ ರೂಢಿಯ ಅನುವಾದವನ್ನು ದಾಖಲಿಸುತ್ತಿದೆಯೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಈ ವಿಭಜನೆಗೆ ಗ್ರೀಕ್ ಪ್ರಯೋಗಗಳಲ್ಲಿ ಸಾಕಷ್ಟು ಆಧಾರವಿಲ್ಲ, ಅದು ಬಹುಮಟ್ಟಿಗೆ ಲಕ್ಷ್ಯಭಾಷೆಯ ಪದವ್ಯವಸ್ಥೆಯಿಂದ ಬಂದುದು ಎಂಬುದು ನನ್ನ ವಾದ. ಇದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ದೋಷವನ್ನೂ ಇಲ್ಲಿ ಪರಿಶೀಲಿಸಲಾಗಿದೆ. ಸ್ಟೋಯಿಕ್ ದರ್ಶನದ ‘ಆತ್ಮಪರ್ಯಾಪ್ತತೆ’ಯನ್ನು ಇಡಿಯಾಗಿ ಪದದೊಳಗೆ ತುಂಬಿ, ಬಳಿಕ ಪೌಲನು ಅದನ್ನು ಸ್ವೀಕರಿಸಿದನೆ, ತಿರಸ್ಕರಿಸಿದನೆ ಎಂದು ಚರ್ಚಿಸುವ ಕ್ರಮ ಅದು. ಎರಡೂ ದೋಷಗಳ ಮೂಲ ಒಂದೇ: ವಾಕ್ಯದ ಇತರ ಘಟಕಗಳು ಹೇಳುವುದನ್ನು ಪದವೇ ಹೇಳುತ್ತದೆ ಎಂದು ಭಾವಿಸುವುದು.

2. ವಿಭಜನೆ ಎಲ್ಲಿಂದ ಬಂತು?

ಅನುವಾದಗಳ ಚರಿತ್ರೆ ಈ ವಿಷಯದಲ್ಲಿ ಸ್ಪಷ್ಟವಾದ ಸಾಕ್ಷ್ಯ ಒದಗಿಸುತ್ತದೆ. ಲ್ಯಾಟಿನ್ ವಲ್ಗೇಟ್ ಮೂರೂ ಕಡೆ ಒಂದೇ ಧಾತುವಿನ ರೂಪಗಳನ್ನು ಬಳಸುತ್ತದೆ: ಎರಡು ನಾಮಪ್ರಯೋಗಗಳಿಗೆ ‘ಸುಫಿಸಿಯೆಂಶಿಯಾ’, ಗುಣವಾಚಕಕ್ಕೆ ‘ಸುಫಿಸಿಯೆನ್ಸ್’. 14ನೇ ಶತಮಾನದಲ್ಲಿ ವಲ್ಗೇಟನ್ನು ಆಧರಿಸಿ ಸಿದ್ಧವಾದ ವಿಕ್ಲಿಫ್ ಪರಂಪರೆಯ ಇಂಗ್ಲಿಷ್ ಅನುವಾದದಲ್ಲಿಯೂ ಈ ಏಕರೂಪತೆ ಉಳಿಯಿತು. 16ನೇ ಶತಮಾನದಲ್ಲಿ ಟಿಂಡೇಲ್ ಗ್ರೀಕಿನಿಂದಲೇ ಅನುವಾದಿಸಿದಾಗ ಕೊರಿಂಥ ಪತ್ರದಲ್ಲಿ ‘ಸಫಿಶಿಯೆಂಟ್’ ಎಂದು ಬರೆದರೂ ಉಳಿದೆರಡು ಕಡೆ ‘ಕಂಟೆಂಟ್’ ಎಂಬ ಪದವನ್ನು ತಂದನು. 1611ರ ಅಧಿಕೃತ ಇಂಗ್ಲಿಷ್ ಅನುವಾದ ಈ ಹಂಚಿಕೆಯನ್ನೇ ಸ್ಥಿರಗೊಳಿಸಿತು. ಥೇಯರ್ ಹಾಗೂ ಡಾಂಕರ್ ನಿಘಂಟುಗಳ ಎರಡು ಅರ್ಥಗಳ ಗಡಿರೇಖೆ ಈ ಹಂಚಿಕೆಯ ಗಡಿರೇಖೆಯೊಂದಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ.

ಇದು ಕೇವಲ ಆಕಸ್ಮಿಕವೆನ್ನಲು ಕಷ್ಟ. ಹೊಸ ಒಡಂಬಡಿಕೆಯ ನಿಘಂಟುಗಳ ಚರಿತ್ರೆಯನ್ನು ಕುರಿತ ಜಾನ್ ಲೀ ಅವರ ಕೃತಿ 2003ರಲ್ಲಿ ಪ್ರಕಟವಾಯಿತು. ನಿಘಂಟುಕಾರರು ಹಿಂದಿನ ನಿಘಂಟುಗಳಿಂದ ಮತ್ತು ಪ್ರಚಲಿತ ಅನುವಾದಗಳಿಂದ ಸಮಾನಪದಗಳನ್ನು ಪಡೆಯುತ್ತ ಬಂದುದನ್ನು ಅವರು ಅನೇಕ ಪದಗಳ ಮೂಲಕ ತೋರಿಸಿದ್ದಾರೆ. ಸಮಾನಪದವನ್ನೇ ಅರ್ಥವೆಂದು ಬಗೆದರೆ, ಲಕ್ಷ್ಯಭಾಷೆಯಲ್ಲಿ ಎರಡು ಸಮಾನಪದಗಳಿರುವ ಕಡೆಯಲ್ಲೆಲ್ಲ ಮೂಲಭಾಷೆಯಲ್ಲಿ ಎರಡು ಅರ್ಥಗಳು ಕಾಣಿಸತೊಡಗುತ್ತವೆ.

ಲೂಥರನ ಜರ್ಮನ್ ಅನುವಾದ ಇಲ್ಲಿ ವಿಶೇಷವಾಗಿ ಗಮನಾರ್ಹ. ಆತ ಮೂರೂ ಕಡೆ ‘ಗೆನ್ಯೂಗೆ’, ‘ಗೆನ್ಯೂಗೆನ್’ ಎಂಬ ಒಂದೇ ಪದಕುಟುಂಬವನ್ನು ಬಳಸುತ್ತಾನೆ. ಆದರೆ ತಿಮೊಥೆಯ ಮತ್ತು ಫಿಲಿಪ್ಪಿ ಪತ್ರಗಳಲ್ಲಿ ಅದರೊಂದಿಗೆ ‘ಲಾಸೆನ್’ ಎಂಬ ಸಹಾಯಕ ಕ್ರಿಯಾಪದವನ್ನು ಸೇರಿಸುತ್ತಾನೆ. ಅಂದರೆ ‘ಸಾಕಾಗುವುದು’ ಒಂದು ಘಟಕ, ‘ಸಾಕಾಗಲು ಬಿಡುವುದು’ ಇನ್ನೊಂದು. ಮನೋಭಾವವನ್ನು ಸೂಚಿಸುವ ಹೊಣೆ ಎರಡನೆಯ ಘಟಕದ್ದು. ಇಂಗ್ಲಿಷ್ ಅನುವಾದಗಳು ಒಂದೇ ಪದದಲ್ಲಿ ಬೆಸೆದುದನ್ನು ಜರ್ಮನ್ ಅನುವಾದ ಬಿಡಿಸಿ ಇಟ್ಟಿದೆ. ಭಾಷಾವಿಶ್ಲೇಷಣೆಯ ದೃಷ್ಟಿಯಿಂದ ಈ ಬಿಡಿಸುವಿಕೆಯೇ ಗ್ರೀಕಿಗೆ ಹೆಚ್ಚು ಹತ್ತಿರವಾದುದು ಎಂಬುದನ್ನು ಮುಂದಿನ ಭಾಗಗಳು ತೋರಿಸುತ್ತವೆ.

3. ಧಾತುವಿನ ಕಾರಕ ಚೌಕಟ್ಟು

ಸಮಾಸದ ಉತ್ತರಪದಕ್ಕೆ ಸಂಬಂಧಿಸಿದ ಕ್ರಿಯಾಪದ ‘ಅರ್ಕೇಯೋ’. ಹೋಮರನ ಕಾಲದ ಭಾಷೆಯಲ್ಲಿ ಇದಕ್ಕೆ ‘ತಡೆ, ಅಪಾಯದಿಂದ ಕಾಪಾಡು’ ಎಂಬರ್ಥವಿತ್ತು. ಅನಂತರದ ಗ್ರೀಕಿನಲ್ಲಿ ‘ಸಾಕಾಗು’ ಎಂಬುದೇ ಪ್ರಧಾನ ಅರ್ಥ. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 8 ಬಾರಿ ಬರುತ್ತದೆ. ಅವುಗಳಲ್ಲಿ 4 ಕರ್ತರಿ ರೂಪಗಳು (ಮತ್ತಾಯ 25:9, ಯೋಹಾನ 6:7 ಮತ್ತು 14:8, 2 ಕೊರಿಂಥ 12:9), 4 ಕರ್ಮಣಿ ರೂಪಗಳು (ಲೂಕ 3:14, 1 ತಿಮೊಥೆಯ 6:8, ಇಬ್ರಿಯ 13:5, 3 ಯೋಹಾನ 10).

ಕರ್ತರಿ ರೂಪದಲ್ಲಿ ಸಾಕಾಗುವ ವಸ್ತು ಕರ್ತೃವಾಗಿ ಪ್ರಥಮಾ ವಿಭಕ್ತಿಯಲ್ಲಿಯೂ ಯಾರಿಗೆ ಸಾಕೋ ಅವರು ಚತುರ್ಥಿಯಲ್ಲಿಯೂ ಬರುತ್ತಾರೆ. ಎಣ್ಣೆ ನಮಗೂ ನಿಮಗೂ ಸಾಲದು, ರೊಟ್ಟಿಗಳು ಅವರಿಗೆ ಸಾಲವು, ಕೃಪೆ ನಿನಗೆ ಸಾಕು ಎಂಬಂತಹ ರಚನೆ ಇದು. ಕರ್ಮಣಿ ರೂಪದಲ್ಲಿ ವ್ಯಕ್ತಿಯೇ ಕರ್ತೃಸ್ಥಾನಕ್ಕೆ ಏರುತ್ತಾನೆ. ವಸ್ತು ಸಾಮಾನ್ಯವಾಗಿ ಚತುರ್ಥಿಗೆ ಇಳಿಯುತ್ತದೆ. ಯೋಹಾನನ ಪತ್ರದಲ್ಲಿ ‘ಎಪಿ’ ಎಂಬ ಉಪಸರ್ಗದೊಂದಿಗೆ ಬರುತ್ತದೆ. ಸೈನಿಕರು ತಮ್ಮ ಸಂಬಳವನ್ನು ಸಾಕೆಂದುಕೊಳ್ಳಬೇಕು ಎಂಬ ಲೂಕನ ಪ್ರಯೋಗ ಇದಕ್ಕೆ ನಿದರ್ಶನ. ‘ತೃಪ್ತಿ’ ಎಂದು ಅನುವಾದವಾಗುವ ಅರ್ಥಛಾಯೆ ವ್ಯವಸ್ಥಿತವಾಗಿ ಕಾಣಿಸುವುದು ಈ ಕರ್ಮಣಿ ರೂಪಗಳಲ್ಲಿ. ಧಾತುವಿನ ಅರ್ಥ ಎರಡೂ ಕಡೆ ಒಂದೇ. ಬದಲಾಗುವುದು ಕಾರಕಗಳ ವಿನ್ಯಾಸ ಮತ್ತು ಅದರಿಂದ ಉಂಟಾಗುವ ದೃಷ್ಟಿಕೋನ.

ಗುಣವಾಚಕ ‘ಔತಾರ್ಕೇಸ್’ ಈ ಚೌಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಸಿರಾಖನ ಗ್ರಂಥದ ಗ್ರೀಕ್ ಪಾಠದಲ್ಲಿ (5:1 ಮತ್ತು 11:24) ಧನವನ್ನು ನೆಚ್ಚಿದವನ ಮಾತಾಗಿ ಇದರ ನಪುಂಸಕ ಬಹುವಚನ ರೂಪ ‘ನನಗೆ’ ಎಂಬ ಚತುರ್ಥಿಯೊಂದಿಗೆ ಬರುತ್ತದೆ. ‘ನನಗೆ ಬೇಕಾದಷ್ಟಿದೆ’ ಎಂಬುದು ಅದರ ತಾತ್ಪರ್ಯ. ಅದೇ ಗ್ರಂಥದ 31:28ರಲ್ಲಿ ಈ ವಿಶೇಷಣ ದ್ರಾಕ್ಷಾರಸಕ್ಕೆ ಅನ್ವಯಿಸುತ್ತದೆ. ಸಕಾಲದಲ್ಲಿ ಹಿತಮಿತವಾಗಿ ಕುಡಿದ ದ್ರಾಕ್ಷಾರಸ ಅಲ್ಲಿನ ವಿಷಯ. ದ್ರಾಕ್ಷಾರಸಕ್ಕೆ ಸಂತೃಪ್ತಿಯ ಮನೋಭಾವವಿರಲು ಸಾಧ್ಯವಿಲ್ಲ. ಜ್ಞಾನೋಕ್ತಿಗಳು 30:8ರ ಗ್ರೀಕ್ ಅನುವಾದದಲ್ಲಿ ಬಡತನವೂ ಬೇಡ ಐಶ್ವರ್ಯವೂ ಬೇಡ ಎಂಬ ಪ್ರಾರ್ಥನೆಯ ಸಂದರ್ಭದಲ್ಲಿ, ಅಗತ್ಯವಾದವುಗಳ ಜೊತೆಗೆ ‘ಸಾಕಾಗುವಷ್ಟು’ ಎಂಬರ್ಥದಲ್ಲಿ ಈ ಪದವೇ ಬಂದಿದೆ. ಮೌಲ್ಟನ್ ಮತ್ತು ಮಿಲಿಗನ್ ಅವರ ಪದಕೋಶ ಈಜಿಪ್ಟಿನ ಪಪೈರಸ್ ದಾಖಲೆಗಳಿಂದ ತೋರಿಸಿದ್ದು ಕೂಡ ‘ಸಾಕಷ್ಟು’ ಎಂಬ ಈ ಸರಳ ವ್ಯಾವಹಾರಿಕ ಬಳಕೆಯನ್ನೇ.

ಚೌಕಟ್ಟಿನ ಮೂರನೆಯ ಸ್ಥಾನ ಉದ್ದೇಶದ್ದು: ಯಾವುದಕ್ಕೆ ಸಾಕು? ಥುಸಿಡಿಡೀಸನಲ್ಲಿ ಈ ಸ್ಥಾನ ಸ್ಪಷ್ಟವಾಗಿ ತುಂಬಿರುತ್ತದೆ. 2:36ರಲ್ಲಿ ಅಥೆನ್ಸ್ ನಗರ ಯುದ್ಧಕ್ಕೂ ಶಾಂತಿಗೂ ಅತ್ಯಂತ ಸಮರ್ಥವಾಗಿ ಸಜ್ಜಾಗಿದೆ ಎನ್ನುವಾಗ ‘ಎಸ್’ ಎಂಬ ಉಪಸರ್ಗ ಇದನ್ನು ಸೂಚಿಸುತ್ತದೆ. 2:51ರಲ್ಲಿ ಸಾಂಕ್ರಾಮಿಕ ವ್ಯಾಧಿಯ ಮುಂದೆ ಬಲಿಷ್ಠವಾಗಲಿ ದುರ್ಬಲವಾಗಲಿ ಯಾವ ದೇಹವೂ ಸಾಲಲಿಲ್ಲ ಎನ್ನುವಾಗ ‘ಪ್ರೋಸ್’ ಎಂಬ ಉಪಸರ್ಗ ಬಂದಿದೆ. ಹೀಗೆ ಈ ಪದವನ್ನು ತ್ರಿಸ್ಥಾನಿಕ ಸಂಬಂಧವಾಚಕವೆಂದು ವಿವರಿಸಬಹುದು: ಸಾಕಾಗುವ ಸಾಧನ, ಅದನ್ನು ಪಡೆದ ವ್ಯಕ್ತಿ ಅಥವಾ ಸಮುದಾಯ, ಅದು ಸಾಕಾಗಬೇಕಾದ ಉದ್ದೇಶ. ‘ಔತಾರ್ಕೇಯ’ ಎಂಬ ಭಾವನಾಮದಲ್ಲಿ ಈ ಮೂರೂ ಸ್ಥಾನಗಳು ವ್ಯಾಕರಣದ ದೃಷ್ಟಿಯಿಂದ ಐಚ್ಛಿಕವಾಗುತ್ತವೆ. ಖಾಲಿಯಾದ ಸ್ಥಾನಗಳನ್ನು ಓದುಗ ಸಂದರ್ಭದಿಂದ ತುಂಬಿಕೊಳ್ಳಬೇಕಾಗುತ್ತದೆ, ಕೆಲವೊಮ್ಮೆ ಪೂರ್ವಗ್ರಹದಿಂದಲೂ ತುಂಬಿಕೊಳ್ಳುತ್ತಾನೆ.

4. ಪೂರ್ವಪದದ ಹೊರೆ

‘ಔತೋ’ ಎಂಬ ಪೂರ್ವಪದಕ್ಕೆ ‘ತಾನೇ, ತನ್ನಿಂದಲೇ’ ಎಂಬರ್ಥವಿರುವುದರಿಂದ ‘ಔತಾರ್ಕೇಯ’ ಎಂದರೆ ಪರಾಶ್ರಯವಿಲ್ಲದ ಸ್ವಾವಲಂಬನೆಯೇ ಎಂಬ ವಾದ ವಿವರಣೆಗಳಲ್ಲಿ ಪದೇ ಪದೇ ಕಂಡುಬರುತ್ತದೆ. ವ್ಯುತ್ಪತ್ತಿಯಿಂದ ನೇರವಾಗಿ ಪ್ರಯೋಗಾರ್ಥಕ್ಕೆ ಜಿಗಿಯುವ ಈ ಕ್ರಮವನ್ನು ಜೇಮ್ಸ್ ಬಾರ್ 1961ರಲ್ಲಿಯೇ ಪ್ರಬಲವಾಗಿ ಟೀಕಿಸಿದ್ದರು. ಈ ಪದದ ಮಟ್ಟಿಗೆ ಪ್ರಯೋಗಗಳೇ ಆ ವಾದವನ್ನು ದುರ್ಬಲಗೊಳಿಸುತ್ತವೆ.

ಧರ್ಮೋಪದೇಶಕಾಂಡ 32:10ರಲ್ಲಿ ಹೀಬ್ರೂ ಪಾಠ ‘ಕಂಡುಕೊಂಡನು’ ಎಂಬರ್ಥದ ಕ್ರಿಯಾಪದವನ್ನು ಬಳಸುವಲ್ಲಿ ಸೆಪ್ಟುವಜಿಂಟ್ ಇದೇ ಪ್ರಾತಿಪದಿಕದಿಂದಾದ ‘ಔತಾರ್ಕೇಯೋ’ ಎಂಬ ಕ್ರಿಯಾಪದವನ್ನು ಸಕರ್ಮಕವಾಗಿ ಪ್ರಯೋಗಿಸುತ್ತದೆ. ಕರ್ತೃ ದೇವರು, ಕರ್ಮ ಮರುಭೂಮಿಯಲ್ಲಿರುವ ಜನಾಂಗ. ಒಬ್ಬನು ಇನ್ನೊಬ್ಬನಿಗೆ ಬೇಕಾದುದನ್ನೆಲ್ಲ ಒದಗಿಸಿ ಕೊರತೆಯಾಗದಂತೆ ನೋಡಿಕೊಂಡನು ಎಂಬುದು ಅದರ ಅರ್ಥ. ‘ತನ್ನಿಂದಲೇ’ ಎಂಬ ಅಂಶ ಪದದ ಅವಿಭಾಜ್ಯ ಅರ್ಥವಾಗಿದ್ದರೆ ಈ ಪ್ರಯೋಗ ಸಾಧ್ಯವಾಗುತ್ತಿರಲಿಲ್ಲ. ಪೂರ್ವಪದ ಇಲ್ಲಿ ಪೂರೈಕೆಯ ಮೂಲವನ್ನು ನಿರ್ದೇಶಿಸುತ್ತಿಲ್ಲ. ಇರುವುದರ ಮೇಲೆ ಇನ್ನೊಂದನ್ನು ಸೇರಿಸಬೇಕಾಗಿಲ್ಲ ಎಂಬ ಪೂರ್ಣತೆಯನ್ನಷ್ಟೇ ಸೂಚಿಸುತ್ತಿದೆ.

ದಾರ್ಶನಿಕ ಪಠ್ಯಗಳೂ ಇದಕ್ಕೆ ಹೊರತಲ್ಲ. ಅರಿಸ್ಟಾಟಲ್ ತನ್ನ ನಿಕೊಮೇಕಿಯನ್ ನೀತಿಶಾಸ್ತ್ರದ ಮೊದಲನೆಯ ಪುಸ್ತಕದಲ್ಲಿ ಈ ಪರಿಕಲ್ಪನೆಯನ್ನು ವಿವರಿಸುವಾಗ, ಒಂಟಿಯಾಗಿ ಬದುಕುವವನಿಗೆ ಸಾಕಾಗುವುದನ್ನು ತಾನು ಹೇಳುತ್ತಿಲ್ಲ, ತಂದೆತಾಯಿ, ಮಕ್ಕಳು, ಪತ್ನಿ, ಗೆಳೆಯರು ಮತ್ತು ಸಹನಾಗರಿಕರೊಂದಿಗೆ ಬದುಕುವವನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ ಎಂದು ಸ್ಪಷ್ಟಪಡಿಸುತ್ತಾನೆ. ಡಯೋಜಿನಿಸ್ ಲಯೆರ್ಟಿಯಸ್ ದಾಖಲಿಸುವ ಸ್ಟೋಯಿಕ್ ಸಿದ್ಧಾಂತ ಇನ್ನೂ ಮಹತ್ವದ್ದು. ಸದ್ಗುಣವು ಶ್ರೇಯಸ್ಸಿಗೆ ‘ಔತಾರ್ಕೇಸ್’ ಎಂಬುದು ಆ ಸಿದ್ಧಾಂತ. ‘ಶ್ರೇಯಸ್ಸಿಗೆ’ ಎಂಬುದು ಅಲ್ಲಿ ‘ಪ್ರೋಸ್’ ಉಪಸರ್ಗದಿಂದ ವ್ಯಕ್ತವಾಗಿದೆ. ಥುಸಿಡಿಡೀಸನು ವ್ಯಾಧಿಯ ಬಗ್ಗೆ ಬರೆದ ವಾಕ್ಯದ ರಚನೆಯೂ ಇದೇ. ಸ್ಟೋಯಿಕ್ ದರ್ಶನದ ವೈಶಿಷ್ಟ್ಯವಿರುವುದು ಸಾಧನದ ಸ್ಥಾನದಲ್ಲಿ ಸದ್ಗುಣವೊಂದನ್ನೇ, ಉದ್ದೇಶದ ಸ್ಥಾನದಲ್ಲಿ ಶ್ರೇಯಸ್ಸನ್ನು ಇರಿಸಿದುದರಲ್ಲಿ. ಗುಣವಾಚಕದ ಅರ್ಥ ಎಂದಿನದೇ. ಆದ್ದರಿಂದ ಪೌಲನು ಈ ಪದವನ್ನು ಬಳಸಿದ ಮಾತ್ರಕ್ಕೆ ಸ್ಟೋಯಿಕ್ ಸಿದ್ಧಾಂತವೊಂದು ಅವನ ವಾಕ್ಯದೊಳಕ್ಕೆ ಪ್ರವೇಶಿಸುವುದಿಲ್ಲ. ಹಾಗೆಯೇ ಅದನ್ನು ಅವನು ‘ರೂಪಾಂತರಿಸಿದ’ ಎನ್ನಲೂ ಪದದ ಅರ್ಥವೊಂದೇ ಆಧಾರವಾಗಲಾರದು.

ಗೆರ್ಹಾರ್ಡ್ ಕಿಟೆಲ್ (ಇವರು ಕನ್ನಡ ನಿಘಂಟುಕಾರ ಫರ್ಡಿನೆಂಡ್ ಕಿಟೆಲ್ ಅಲ್ಲ) ಸಂಪಾದಿಸಿದ ದೈವಶಾಸ್ತ್ರೀಯ ಪದಕೋಶದ ಮೊದಲ ಸಂಪುಟ 1933ರಲ್ಲಿ ಬಂತು. ಈ ಪದಕುಟುಂಬದ ಲೇಖನವನ್ನು ಅವರೇ ಬರೆದಿದ್ದಾರೆ. ಪದದ ಶೀರ್ಷಿಕೆಯಡಿ ಒಂದು ವಿಚಾರದ ಚರಿತ್ರೆಯನ್ನು ಬರೆಯುವ ಆ ಕೋಶದ ವಿನ್ಯಾಸವೇ ಬಾರ್ ಅವರ ಟೀಕೆಯ ಮುಖ್ಯ ಗುರಿ. ವಿಚಾರಗಳ ಚರಿತ್ರೆಯಾಗಿ ಅಂತಹ ಬರಹಗಳ ಬೆಲೆ ನಿರ್ವಿವಾದ. ಅವನ್ನು ಪದಾರ್ಥದ ವಿವರಣೆಯೆಂದು ಓದಿದಾಗ ತೊಡಕು ಶುರುವಾಗುತ್ತದೆ.

5. ಮೂರು ಪ್ರಯೋಗಗಳು

ಕೊರಿಂಥ ಪತ್ರದ 8 ಮತ್ತು 9ನೇ ಅಧ್ಯಾಯಗಳ ವಿಷಯ ಜೆರೂಸಲೇಮಿನ ವಿಶ್ವಾಸಿಗಳಿಗಾಗಿ ನಡೆಯುತ್ತಿದ್ದ ಧನಸಂಗ್ರಹ. 8:13–15ರಲ್ಲಿ ಪೌಲನು ಒಬ್ಬರ ಹೆಚ್ಚಳ ಇನ್ನೊಬ್ಬರ ಕೊರತೆಯನ್ನು ತುಂಬುವ ಸಮಾನತೆಯ ಬಗ್ಗೆ ಹೇಳಿ ಮನ್ನದ ಕಥೆಯನ್ನು ನೆನಪಿಸುತ್ತಾನೆ. 9:8ರಲ್ಲಿ ‘ಎಲ್ಲ’ ಎಂಬರ್ಥದ ಪದಗಳು ಒಂದರ ಹಿಂದೊಂದು ಬರುತ್ತವೆ. ‘ಔತಾರ್ಕೇಯ’ ಆ ಸಾಲಿನಲ್ಲಿದೆ. ಸಾಧನವನ್ನು ಒದಗಿಸುವ ಕರ್ತೃ ದೇವರು ಎಂಬುದನ್ನು ವಾಕ್ಯವೇ ಹೇಳುತ್ತದೆ. ನಾಮಪದದ ಬೆನ್ನಿಗೇ ‘ಹೆಚ್ಚಿ ಹರಿ’ ಎಂಬರ್ಥದ ಕ್ರಿಯಾಪದವೂ ‘ಸತ್ಕಾರ್ಯಕ್ಕೆ’ ಎಂಬ ಉದ್ದೇಶವೂ ಬರುತ್ತವೆ. ಆ ಉದ್ದೇಶ ವ್ಯಾಕರಣದ ಪ್ರಕಾರ ಕ್ರಿಯಾಪದಕ್ಕೆ ಅಂಟಿದ್ದು, ನಾಮಪದಕ್ಕಲ್ಲ. ಆದರೂ ಪರ್ಯಾಪ್ತತೆಯು ಇನ್ನೊಬ್ಬರಿಗೆ ಕೊಡಲು ಬೇಕಾದ ಪೂರ್ವಸ್ಥಿತಿಯಾಗಿ ಬಂದಿದೆ ಎಂಬುದು ವಾಕ್ಯರಚನೆಯಿಂದ ನಿಸ್ಸಂದಿಗ್ಧ. ಪೂರೈಕೆಯ ಮೂಲವನ್ನು ಚರ್ಚಿಸಬೇಕಾದಾಗ ಪೌಲನು ಪ್ರತ್ಯೇಕ ಪದಪುಂಜವನ್ನೇ ಬಳಸುತ್ತಾನೆ ಎಂಬುದಕ್ಕೆ ಇದೇ ಪತ್ರದ 3:5 ಸಾಕ್ಷಿ. ಅಲ್ಲಿ ‘ಹಿಕಾನೋಸ್’ ಎಂಬ ಸಮೀಪಾರ್ಥಕ ಪದದೊಂದಿಗೆ ‘ನಮ್ಮಿಂದಲೇ’ ಎಂಬುದನ್ನು ನಿಷೇಧಿಸಿ ‘ದೇವರಿಂದ’ ಎಂದು ಸೇರಿಸಲಾಗಿದೆ.

ಫಿಲಿಪ್ಪಿ ಪತ್ರದ 4:11ರಲ್ಲಿ ವ್ಯಕ್ತಿಯೇ ಕರ್ತೃ. ‘ಔತಾರ್ಕೇಸ್’ ಆಗಿರಲು ಕಲಿತಿದ್ದೇನೆ ಎಂಬುದು ಹೇಳಿಕೆ. ಇಲ್ಲಿ ‘ಸಂತುಷ್ಟ’ ಎಂಬ ಅನುವಾದ ಸಹಜವೆನಿಸುತ್ತದೆ. ಆದರೆ ಮುಂದಿನ ವಾಕ್ಯದಲ್ಲಿ ಕಲಿತ ಸ್ಥಿತಿಗಳ ಪಟ್ಟಿಯಿದೆ: ಹೊಟ್ಟೆ ತುಂಬಿರುವುದು ಮತ್ತು ಹಸಿದಿರುವುದು, ಹೆಚ್ಚಿರುವುದು ಮತ್ತು ಕೊರತೆಯಿರುವುದು. ಸಮೃದ್ಧಿಯಲ್ಲಿ ಸಂತುಷ್ಟನಾಗಿರಲು ಕಲಿಯಬೇಕಾದ ಅಗತ್ಯವೇನು? ಅದರ ಮುಂದಿನ ವಾಕ್ಯದ ಪ್ರಧಾನ ಕ್ರಿಯಾಪದ ‘ಶಕ್ತನಾಗಿದ್ದೇನೆ’ ಎಂಬುದು. ಯಾವ ಸ್ಥಿತಿ ಬಂದರೂ ಅದನ್ನು ನಿಭಾಯಿಸಲು ಸಾಲುವವನು ಎಂಬ ಓದು ಈ ಸರಣಿಗೆ ಹೆಚ್ಚು ಹೊಂದುತ್ತದೆ. ಜೊತೆಗೆ 4:14ರಲ್ಲಿ, ನೀವು ನನ್ನ ಸಂಕಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎಂದೂ 4:18ರಲ್ಲಿ, ಎಲ್ಲವೂ ಸಂದಿತು ಎಂದೂ ಪೌಲನು ಹೇಳುತ್ತಾನೆ. ‘ಸಂದಿತು’ ಎಂಬುದಕ್ಕೆ ಬಳಸಿರುವ ‘ಅಪೇಖೋ’ ಪಪೈರಸ್ ರಶೀದಿಗಳ ರೂಢಿಯ ಪದ. ನೆರವನ್ನು ಸ್ವೀಕರಿಸಿ ರಶೀದಿ ಕೊಡುತ್ತಿರುವ ಬರಹದಲ್ಲಿ ಪರಾಶ್ರಯರಾಹಿತ್ಯವನ್ನು ಪದದ ಅರ್ಥವಾಗಿ ಹುಡುಕುವುದು ಸರಿಯಲ್ಲ.

ತಿಮೊಥೆಯ ಪತ್ರದ 6:6 ‘ಆಂತರಿಕ’ ಅರ್ಥದ ಮುಖ್ಯ ಆಧಾರ. ಸಂದರ್ಭ ಹೀಗಿದೆ: ಭಕ್ತಿಯನ್ನು ಲಾಭದ ದಾರಿಯೆಂದು ಬಗೆಯುವವರನ್ನು 6:5 ಖಂಡಿಸುತ್ತದೆ. 6:6 ‘ಔತಾರ್ಕೇಯ’ದೊಡನಿರುವ ಭಕ್ತಿಯೇ ನಿಜವಾದ ಲಾಭ ಎನ್ನುತ್ತದೆ. 6:8 ಅನ್ನ ಮತ್ತು ಹೊದಿಕೆಗಳನ್ನು ಹೆಸರಿಸಿ ಅವನ್ನು ಸಾಕೆಂದುಕೊಳ್ಳುವ ನಿರ್ಧಾರವನ್ನು ‘ಅರ್ಕೇಯೋ’ದ ಕರ್ಮಣಿ ಭವಿಷ್ಯತ್ ರೂಪದಲ್ಲಿ ಹೇಳುತ್ತದೆ. ‘ಆಂತರಿಕ’ವೆಂದು ವರ್ಗೀಕರಿಸಿದ ನಾಮಪದವನ್ನು ಎರಡೇ ವಾಕ್ಯಗಳ ಬಳಿಕ ಅದೇ ಧಾತುವಿನ ಕ್ರಿಯಾಪದ ಮುಂದುವರಿಸುತ್ತದೆ, ಅದರ ಸಾಧನಸ್ಥಾನದಲ್ಲಿ ಇರುವುದು ಅನ್ನ, ಬಟ್ಟೆ. ನಿಘಂಟಿನ ಎರಡು ಅರ್ಥಗಳು ನಿಜವಾಗಿಯೂ ಬೇರೆಯಾಗಿದ್ದರೆ ಪಠ್ಯ ಇಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಬೇಕಿತ್ತು. ಅಂತಹ ಜಾರುವಿಕೆಯ ಕುರುಹು ಕಾಣುವುದಿಲ್ಲ. ಜೀವಂತ ಭಾಷೆಯಲ್ಲಿ ನಾವು ಭಾಷಿಕರ ಮುಂದೆ ಇಡುವ ಬಹ್ವರ್ಥತೆಯ ಪರೀಕ್ಷೆಗಳನ್ನು ಮೃತ ಭಾಷೆಯಲ್ಲಿ ನಡೆಸಲಾಗದು. ಪಠ್ಯದೊಳಗಿನ ಇಂತಹ ಮುಂದುವರಿಕೆ ಅವುಗಳಿಗೆ ಅತ್ಯಂತ ಸಮೀಪದ ಪರ್ಯಾಯ.

ಇದರ ಹಿಂದಿನ ಅಧ್ಯಾಯದಲ್ಲಿ, 5:10 ಮತ್ತು 5:16ರಲ್ಲಿ, ‘ಎಪಾರ್ಕೇಯೋ’ ಎಂಬ ಕ್ರಿಯಾಪದ 3 ಬಾರಿ ಬಂದಿದೆ. ಕಷ್ಟದಲ್ಲಿರುವವರಿಗೆ, ವಿಶೇಷವಾಗಿ ವಿಧವೆಯರಿಗೆ ನೆರವಾಗುವುದು ಅದರ ಅರ್ಥ. ಧಾತುಸಾಮ್ಯವೊಂದರಿಂದಲೇ ಅರ್ಥವನ್ನು ನಿರ್ಧರಿಸಲಾಗದು ಎಂಬುದನ್ನು ಇಲ್ಲಿಯೂ ನೆನಪಿಡಬೇಕು. ಆದರೆ ಯಾರಿಗೆ ಎಷ್ಟು ಸಾಕು, ಕೊರತೆಯನ್ನು ಯಾರು ತುಂಬಬೇಕು ಎಂಬುದು ಈ ಪತ್ರದ ಭೌತಿಕ ಕಾಳಜಿಗಳಲ್ಲಿ ಒಂದೆಂಬುದಕ್ಕೆ ಇದು ಪೂರಕ ಸಾಕ್ಷ್ಯ.

6. ಆಕ್ಷೇಪಣೆಗಳು

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಣೆಗಳಿವೆ. ಮೊದಲನೆಯದು: ತಿಮೊಥೆಯ ಪತ್ರದಲ್ಲಿ ಈ ಪದ ‘ಭಕ್ತಿ’ ಎಂಬ ಗುಣನಾಮದ ಜೊತೆಗಿದೆ, ಫಿಲಿಪ್ಪಿ ಪತ್ರದಲ್ಲಿ ‘ಕಲಿ’ ಎಂಬ ಕ್ರಿಯಾಪದದ ಜೊತೆಗಿದೆ. ಎರಡೂ ಮನೋವೃತ್ತಿಯ ಕಡೆಗೇ ಬೊಟ್ಟುಮಾಡುತ್ತವೆ. ಇದನ್ನು ಒಪ್ಪಬೇಕು. ಆದರೆ ಬೊಟ್ಟುಮಾಡುತ್ತಿರುವುದು ಜೊತೆಗಿರುವ ಪದಗಳು. ಡಿ. ಎ. ಕ್ರೂಸ್ 1986ರಲ್ಲಿ ಮಾಡಿದ ಭೇದ ಇಲ್ಲಿ ಉಪಯುಕ್ತ: ಸಂದರ್ಭವು ಪದದ ಎರಡು ಅರ್ಥಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಬೇರೆ, ಒಂದೇ ಅರ್ಥದ ಒಂದು ಮುಖವನ್ನು ಮುನ್ನೆಲೆಗೆ ತರುವುದು ಬೇರೆ. ನಮ್ಮ ಮೂರು ಪ್ರಯೋಗಗಳಲ್ಲಿ ನಡೆಯುತ್ತಿರುವುದು ಎರಡನೆಯದು.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಪ್ಲೇಟೋವಿನ ಹೆಸರಿನಲ್ಲಿ ಉಳಿದುಬಂದಿರುವ, ಆದರೆ ಅವನದಲ್ಲದ ‘ವ್ಯಾಖ್ಯೆಗಳು’ ಎಂಬ ಸಂಗ್ರಹ ‘ಔತಾರ್ಕೇಯ’ಕ್ಕೆ ಎರಡು ವ್ಯಾಖ್ಯೆಗಳನ್ನು ಕೊಡುತ್ತದೆ. ಒಂದು, ಒಳಿತುಗಳ ಸಂಪಾದನೆಯ ಪೂರ್ಣತೆ. ಇನ್ನೊಂದು, ತಮ್ಮನ್ನು ತಾವೇ ಆಳಿಕೊಳ್ಳುವವರ ಸ್ಥಿರ ಮನೋವೃತ್ತಿ. ಅಂದಮೇಲೆ ಗ್ರೀಕರೇ ಎರಡು ಅರ್ಥಗಳನ್ನು ಗುರುತಿಸಿದ್ದರಲ್ಲವೆ? ದಾರ್ಶನಿಕ ಪರಿಭಾಷೆಯಲ್ಲಿ ಈ ಪದ ಒಂದು ಸದ್ಗುಣದ ಹೆಸರಾಗಿ ನೆಲೆಗೊಂಡಿತ್ತು ಎಂಬುದನ್ನು ಅಲ್ಲಗಳೆಯಲಾಗದು. ತಿಮೊಥೆಯ ಪತ್ರದ ಪ್ರಯೋಗಕ್ಕೆ ಆ ಪರಿಭಾಷೆಯ ಸೋಂಕು ಇದ್ದಿರಬಹುದು. ಆದರೆ ಪ್ರಾಚೀನ ವ್ಯಾಖ್ಯೆಯ ಎರಡನೆಯ ಭಾಗ ಹೇಳುತ್ತಿರುವುದು ಆತ್ಮಶಾಸನವನ್ನು; ಇದ್ದುದರಲ್ಲಿ ತೃಪ್ತಿಪಡುವುದನ್ನಲ್ಲ. ಆದ್ದರಿಂದ ಪಾರಿಭಾಷಿಕ ಬಳಕೆಯೊಂದನ್ನು ನಿಘಂಟು ಪ್ರತ್ಯೇಕವಾಗಿ ಗುರುತಿಸಲಿ. ‘ತೃಪ್ತಿ’ ಎಂಬ ಅರ್ಥಕ್ಕೆ ಮಾತ್ರ ಆ ವ್ಯಾಖ್ಯೆ ಬೆಂಬಲವಾಗದು.

7. ಕನ್ನಡದ ಸಾಕ್ಷ್ಯ ಮತ್ತು ನಿಘಂಟಿನ ನಮೂದು

ವಿವರಣೆಯ ಭಾಷೆಯಾಗಿ ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಅನುಕೂಲಕರ. ‘ಸಾಕು’ ಎಂಬ ರೂಪ ‘ಅರ್ಕೇಯೋ’ದ ಹಾಗೆ ವ್ಯಕ್ತಿಯನ್ನು ಚತುರ್ಥಿಯಲ್ಲಿ ತೆಗೆದುಕೊಳ್ಳುತ್ತದೆ: ‘ನನಗೆ ಇಷ್ಟು ಸಾಕು’. ಅದಕ್ಕೆ ಪ್ರತಿಯಾದ ನಿಷೇಧರೂಪ ‘ಸಾಲದು’. ‘ನಮಗೆ ಮದುವೆಗೆ ಈ ಹಣ ಸಾಲದು’ ಎಂಬಲ್ಲಿ ಮೂರೂ ಸ್ಥಾನಗಳು ತುಂಬಿವೆ. ಗ್ರೀಕ್ ಉಪಸರ್ಗದಿಂದ ಬೇರ್ಪಡಿಸುವ ಉದ್ದೇಶವನ್ನು ಕನ್ನಡ ಎರಡನೆಯ ಚತುರ್ಥಿಯಿಂದ ಸೂಚಿಸುತ್ತದೆ ಎಂಬುದಷ್ಟೇ ವ್ಯತ್ಯಾಸ. ಪಂಕ್ತಿಯಲ್ಲಿ ಕುಳಿತವರು ಬಡಿಸುವವರಿಗೆ ‘ಸಾಕು’ ಎನ್ನುವಾಗ ಎಲೆಯ ಮೇಲಿನ ಅಳತೆ ಮತ್ತು ಉಣ್ಣುವವರ ತೃಪ್ತಿ ಎರಡೂ ಸೂಚಿತವಾಗುತ್ತವೆ. ಇದಕ್ಕಾಗಿ ಕನ್ನಡ ನಿಘಂಟಿನಲ್ಲಿ ಬಾಹ್ಯ ‘ಸಾಕು’, ಆಂತರಿಕ ‘ಸಾಕು’ ಎಂದು ಎರಡು ಅರ್ಥಗಳನ್ನು ಕೊಡಬೇಕೆಂದು ಯಾರೂ ಹೇಳಲಾರರು. ಮನೋಭಾವವನ್ನು ಪ್ರತ್ಯೇಕವಾಗಿ ಹೇಳಬೇಕಾದರೆ ‘ಸಾಕೆನ್ನು’, ‘ಸಾಕೆಂದುಕೊಳ್ಳು’ ಎಂದು ಇನ್ನೊಂದು ಕ್ರಿಯಾಪದವನ್ನು ಸೇರಿಸುತ್ತೇವೆ. ಲೂಥರನ ‘ಲಾಸೆನ್’ ಮಾಡುವ ಕೆಲಸವೂ ಇಂಥದ್ದೇ. ‘ಶಕ್ತಿ ಸಾಲದು’ ಎಂಬ ಬಳಕೆಯಲ್ಲಿ ಪರ್ಯಾಪ್ತತೆ ಮತ್ತು ಸಾಮರ್ಥ್ಯಗಳು ಸಂಧಿಸುವುದು ಫಿಲಿಪ್ಪಿ ಪತ್ರದ ಓದಿಗೆ ನೆರವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಧರ್ಮೋಪದೇಶಕಾಂಡದ ಪ್ರಯೋಗವನ್ನು ಕಂಡಾಗ ‘ಪೋಷಿಸು’ ಎಂಬರ್ಥದ ಕನ್ನಡದ ‘ಸಾಕು’ ನೆನಪಾಗುವುದು ಸಹಜ. ಆದರೆ ಎರಡು ‘ಸಾಕು’ಗಳ ಧ್ವನಿಸಾಮ್ಯದಿಂದ ಗ್ರೀಕ್ ಪದದ ಬಗ್ಗೆ ಏನನ್ನಾದರೂ ಸಾಧಿಸಹೊರಟರೆ ನಾವು ಟೀಕಿಸುತ್ತಿರುವ ದೋಷವನ್ನೇ ಪುನರಾವರ್ತಿಸಿದಂತಾಗುತ್ತದೆ.

ಪ್ರಚಲಿತ ಕನ್ನಡ ಸತ್ಯವೇದ 2 ಕೊರಿಂಥ 12:9ರ ಕ್ರಿಯಾಪದಕ್ಕೆ ‘ಸಾಕು’ ಎಂಬುದನ್ನೂ ತಿಮೊಥೆಯ, ಫಿಲಿಪ್ಪಿ ಪತ್ರಗಳಲ್ಲಿ ‘ಸಂತುಷ್ಟಿ’, ‘ಸಂತುಷ್ಟ’ ಎಂಬುವನ್ನೂ ಬಳಸಿದೆ. ಅನುವಾದವಾಗಿ ಇದು ಅಸಮರ್ಪಕವೇನಲ್ಲ. ಆದರೆ ‘ಸಂತುಷ್ಟಿ’ ಅನುಭವಿಯೊಬ್ಬನ ಮನಃಸ್ಥಿತಿಯನ್ನು ಮಾತ್ರ ಹೆಸರಿಸುತ್ತದೆ. ಅಳತೆ ಮತ್ತು ಉದ್ದೇಶಗಳ ಸ್ಥಾನಗಳು ಅದರಲ್ಲಿ ಇಲ್ಲವಾಗುತ್ತವೆ. ಹೀಗಾಗಿ ಅನ್ನ ಬಟ್ಟೆಗಳೆಂಬ ನಿರ್ದಿಷ್ಟ ಅಳತೆಯನ್ನು ಮುಂದಿಡುವ, ಭಕ್ತಿಯಿಂದ ಲಾಭ ಬಯಸುವವರನ್ನು ಎದುರಿಸುವ ಪಠ್ಯವು, ಎಷ್ಟೇ ಕೊರತೆಯಿದ್ದರೂ ತೃಪ್ತರಾಗಿರಿ ಎಂದು ಇಲ್ಲದವರಿಗೆ ಹೇಳುವ ಬೋಧನೆಯಾಗಿ ಕೇಳಿಸುವ ಸಾಧ್ಯತೆಯಿದೆ. ಅದೇ ಅಧ್ಯಾಯದ 6:17–18 ಧನವಂತರಿಗೆ ಹಂಚಿಕೊಳ್ಳುವಂತೆ ವಿಧಿಸುತ್ತದೆ ಎಂಬುದು ಆಗ ಕಣ್ತಪ್ಪುತ್ತದೆ. ನಿಘಂಟಿನ ಒಂದು ಉಪಸಂಖ್ಯೆ ಇಷ್ಟು ದೂರದ ಪರಿಣಾಮ ಬೀರಬಲ್ಲದು.

ಲೌ ಮತ್ತು ನೈಡ ಅವರ 1988ರ ಕೋಶ ಸಮಾನಪದಗಳ ಬದಲು ವ್ಯಾಖ್ಯೆಗಳನ್ನು ಕೊಡುವ ಕ್ರಮವನ್ನು ಮುಖ್ಯವಾಗಿಸಿತು. ಆ ಕ್ರಮಕ್ಕೆ ಕಾರಕ ಚೌಕಟ್ಟನ್ನು ಸೇರಿಸಿ ಈ ಪದದ ನಮೂದನ್ನು ಹೀಗೆ ರೂಪಿಸಬಹುದು: ‘ಔತಾರ್ಕೇಯ: ಒಬ್ಬ ವ್ಯಕ್ತಿಗೆ ಅಥವಾ ಸಮುದಾಯಕ್ಕೆ, ಉದ್ದೇಶಿತ ಕಾರ್ಯಕ್ಕೆ ಬೇಕಾದಷ್ಟು ಇದ್ದು, ಹೆಚ್ಚಿನ ಪೂರೈಕೆಯ ಅಗತ್ಯವಿಲ್ಲದ ಸ್ಥಿತಿ. ಪೂರೈಕೆಯ ಮೂಲ ಪದದಿಂದ ಸೂಚಿತವಲ್ಲ. (ಅ) ಉದ್ದೇಶ ಸಂದರ್ಭದಲ್ಲಿ ವ್ಯಕ್ತ: 2 ಕೊರಿಂಥ 9:8. (ಆ) ಅಳತೆ ಸಂದರ್ಭದಲ್ಲಿ ವ್ಯಕ್ತ, ಅದನ್ನು ಒಪ್ಪುವ ಮನೋಭಾವ ಮುನ್ನೆಲೆಯಲ್ಲಿ: 1 ತಿಮೊಥೆಯ 6:6, ಹೋಲಿಸಿ 6:8. ದಾರ್ಶನಿಕ ಪರಿಭಾಷೆಯಲ್ಲಿ: ಆತ್ಮಶಾಸನದ ಗುಣ.’ ಇಲ್ಲಿ (ಅ) ಮತ್ತು (ಆ) ಎರಡು ಅರ್ಥಗಳಲ್ಲ, ಒಂದೇ ಅರ್ಥದ ಎರಡು ಪ್ರಯೋಗವಿನ್ಯಾಸಗಳು.

ಇಂತಹ ನಮೂದು ಅನುವಾದಕರಿಗೆ ಸಿದ್ಧ ಸಮಾನಪದವನ್ನು ಕೊಡುವುದಿಲ್ಲ. ಆಯಾ ವಾಕ್ಯದಲ್ಲಿ ಏನು ಸಾಕು, ಯಾರಿಗೆ ಸಾಕು, ಯಾವುದಕ್ಕೆ ಸಾಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವಂತೆ ಮಾಡುತ್ತದೆ. ‘ಹಿಕಾನೋಸ್’ ಮತ್ತು ‘ಅರ್ಕೆತೋಸ್’ ಪದಗಳ ನಮೂದುಗಳನ್ನೂ ಇದೇ ಪ್ರಶ್ನೆಗಳಿಂದ ಪುನಃ ಪರೀಕ್ಷಿಸಬಹುದು. ಲೂಕ 22:38ರಲ್ಲಿ ಎರಡು ಕತ್ತಿಗಳ ಮಾತಿಗೆ ಉತ್ತರವಾಗಿ ಬರುವ ‘ಹಿಕಾನೋಸ್’ ಪ್ರಯೋಗ ಕತ್ತಿಗಳು ಸಾಕೆನ್ನುತ್ತದೆಯೊ, ಈ ಮಾತು ಇಲ್ಲಿಗೆ ಸಾಕೆನ್ನುತ್ತದೆಯೊ ಎಂಬ ಹಳೆಯ ಚರ್ಚೆ ವಾಸ್ತವದಲ್ಲಿ ಸಾಧನದ ಸ್ಥಾನವನ್ನು ಯಾವುದರಿಂದ ತುಂಬಬೇಕೆಂಬ ಪ್ರಶ್ನೆಯೇ ಆಗಿದೆ.